ಮೆಕ್ಸಿಕೋ ಟೋಪಿ ಮತ್ತು ಯಲಬುರ್ಗಾದ ಬೀಗರು

ನಾನು ನಿವೃತ್ತ ಫೋಟೋಗ್ರಾಫರ್. ಹಾಗಂದ ಕೂಡಲೇ ಎದುರಿಗಿದ್ದವರು ಒಮ್ಮೆ ನನ್ನ ತಲೆ ನೋಡುತ್ತಾರೆ. ಕೂದಲು ಇನ್ನೂ ಕಪ್ಪಗಿದೆ. ಬಣ್ಣ ಹಚ್ಚಿದ್ದಲ್ಲ, ಹಚ್ಚಿದ್ದರೆ ಇದಕ್ಕಿಂತ ಛಲೋ ಕಾಣುತ್ತಿತ್ತು. ಪಿಂಚಣಿ ಇಲ್ಲ, ಬೀಳ್ಕೊಡುಗೆ ಆಗಲಿಲ್ಲ, ಯಾರೂ ಶಾಲು ಹೊದಿಸಿ "ಇವರ ಸೇವೆ ಅಪಾರ" ಎಂದು ಸುಳ್ಳು ಹೇಳಲಿಲ್ಲ. ಎಲ್ಲರ ಕಿಸೆಗೂ ಕ್ಯಾಮೆರಾ ಇರುವ ಫೋನು ಬಂತು, ನಮ್ಮ ಸ್ಟುಡಿಯೋದ ಶಟರ್ ಕೆಳಗೆ ಬಂತು, ನಾನು ನಿವೃತ್ತನಾದೆ. ಈಗ ಗಂಗಾವತಿಯಲ್ಲೇ ಒಂದು ಬೀಜದ ಅಂಗಡಿಯಲ್ಲಿ ಕೂತು, ಬಂದ ರೈತರನ್ನು ಅವರವರ ದನಿಯಲ್ಲೇ ಮಾತಾಡಿಸುತ್ತೇನೆ. ಅರ್ಧ ಜನ ನಗುತ್ತಾರೆ, ಇನ್ನರ್ಧ ಜನ ಪಕ್ಕದ ಅಂಗಡಿಗೆ ಹೋಗುತ್ತಾರೆ.

ನಮ್ಮ ಓಣಿಯ ಹುಡುಗರು ಈಗ ಡ್ರೋನ್ ಹಾರಿಸಿ ಮದುವೆ ಫೋಟೋ ತೆಗೆಯುತ್ತಾರೆ. ನಡುನಡುವೆ ನನ್ನ ಹತ್ತಿರ ಬಂದು, "ಕಾಕಾ, ನಿಮ್ಮ ಕಾಲದಾಗ ಹೆಂಗ ತೆಗೀತಿದ್ರಿ?" ಎನ್ನುತ್ತಾರೆ. ಅವರ ಮುಖ ನೋಡಿದರೆ ನಾನು ಆನೆಗುಂದಿಯ ಅರಸರಿಗೆ ಪಾಸ್‌ಪೋರ್ಟ್ ಫೋಟೋ ತೆಗೆದುಕೊಟ್ಟವನು ಎಂದೇ ತಿಳಿದಂತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಲೆನ್ಸಿನ ವಿಷಯ ನಿಮಗೆ ಫೋನಿನಲ್ಲೇ ಸಿಗುತ್ತದೆ. ನಾನು ಟೋಪಿಯ ವಿಷಯ ಹೇಳುತ್ತೇನೆ.

ತೊಂಬತ್ತೇಳರಲ್ಲಿ ನಾನು ಸಿದ್ದಾಪುರದಿಂದ ಬಂದು ಗಂಗಾವತಿಯ ಬಸ್‌ಸ್ಟ್ಯಾಂಡ್ ಹತ್ತಿರದ ಮೆಹಬೂಬಣ್ಣನ ಸ್ಟುಡಿಯೋ ಸೇರಿದೆ. ನಮ್ಮ ಮನೆಯವರೆಲ್ಲ ಭತ್ತ ನಾಟಿ ಮಾಡಲು ಕೂಲಿಗೆ ಹೋಗುವವರು. ನಾನೂ ಹೋಗುತ್ತಿದ್ದೆ. ಆದರೆ ನಾನು ಸಸಿ ಹಚ್ಚಿದ್ದಕ್ಕಿಂತ ಸಸಿ ಹಚ್ಚುವವರನ್ನು ಅಣಕಿಸಿ ನಗಿಸಿದ್ದೇ ಹೆಚ್ಚು. ಗದ್ದೆಯಲ್ಲಿ ಹೆಂಗಸರು ನಕ್ಕೂ ನಕ್ಕೂ ಸಾಲು ಸೊಟ್ಟಗಾಗತೊಡಗಿದ ಮೇಲೆ ಮೇಸ್ತ್ರಿ ನನಗೆ ಎರಡೂ ಕೈ ಮುಗಿದು, "ಪರಶುರಾಮಪ್ಪಾರ, ತಾವಿನ್ನ ಮನೀಗೆ ಹೋಗ್ರಿ" ಎಂದ. ಜೀವನದಲ್ಲಿ ನನ್ನನ್ನು ಪೂರ್ತಿ ಹೆಸರು ಹಿಡಿದು ಕರೆದವನು ಅವನೊಬ್ಬನೇ. ಉಳಿದವರಿಗೆಲ್ಲ ನಾನು ಪರಶ್ಯಾ.

ಮೆಹಬೂಬಣ್ಣ ಕಡ್ಡಿಯಂಥ ಮನುಷ್ಯ, ಮೀಸೆ ಮಾತ್ರ ಇನ್ನಿಬ್ಬರಿಗೆ ಸಾಕಾಗುವಷ್ಟು. ಪ್ರತಿ ಫೋಟೋಗೂ ಮುಂಚೆ "ಖ್ಹೂಂ" ಎಂದು ಕೆಮ್ಮಿ, "ಉಸಿರು ಹಿಡೀರಿ" ಎನ್ನುತ್ತಿದ್ದರು. ಒಂದು ದಿನ ಚಹದ ಅಂಗಡಿಯಲ್ಲಿ ನಾನು ಅವರ ಕೆಮ್ಮು ಕೆಮ್ಮಿ ತೋರಿಸುತ್ತಿದ್ದಾಗ ಹಿಂದಿನಿಂದ ಅಸಲಿ ಕೆಮ್ಮು ಕೇಳಿತು. ತಿರುಗಿದೆ. "ಅರೇ ಬೇಟಾ, ನನ್ನಂಗ ಕೆಮ್ಮಾಕ ಬರ್ತೈತಿ ಅಂದ್ರ ನನ್ನ ಕೆಲಸಾನೂ ಮಾಡು ಬಾ" ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅದೇ ನನ್ನ ಸಂದರ್ಶನ.

ಅವರಿಗೆ ನಾನು ಬೇಕಾಗಿದ್ದಕ್ಕೆ ಕಾರಣವಿತ್ತು. ನಮ್ಮ ಕಡೆಯ ಜನ ಬಸ್ಸಿನಲ್ಲಿ, ಸಂತೆಯಲ್ಲಿ, ಸತ್ತವರ ಮನೆಯಲ್ಲಿ ಕೂಡ ಹೊಟ್ಟೆ ಹಿಡಿದುಕೊಂಡು ನಗುವವರು. ಆದರೆ ಕ್ಯಾಮೆರಾ ಮುಂದೆ ಕೂತರೆ ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಂತವರಂತೆ ಆಗಿಬಿಡುತ್ತಿದ್ದರು. ಮೆಹಬೂಬಣ್ಣ ಗುಂಡಿ ಒತ್ತುವುದು, ಅದಕ್ಕೂ ಒಂದು ಕ್ಷಣ ಮುಂಚೆ ನಾನು ಪಕ್ಕದಲ್ಲಿ ನಿಂತು ಯಾರನ್ನಾದರೂ ಅಣಕಿಸಿ ಆ ಮುಖವನ್ನು ಸಡಿಲಿಸುವುದು: ಇದು ನಮ್ಮಿಬ್ಬರ ಕೆಲಸದ ಹಂಚಿಕೆ.

ಇದರಲ್ಲಿ ಅಪಾಯವೂ ಇತ್ತು. ಒಮ್ಮೆ ಪೊಲೀಸ್ ಸಾಹೇಬರೊಬ್ಬರು ಫೋಟೋ ತೆಗೆಸಿಕೊಂಡು ಹೋದರು ಎಂದು ತಿಳಿದು, ಮುಂದಿನ ಗಿರಾಕಿಗೆ ಅವರ ನಡಿಗೆ, ಲಾಠಿ, ಆಕಳಿಕೆ ಎಲ್ಲ ಮಾಡಿ ತೋರಿಸಿದೆ. ಸಾಹೇಬರು ಪರದೆಯ ಹಿಂದೆ ಕನ್ನಡಿ ಮುಂದೆ ನಿಂತು ಇನ್ನೂ ಕ್ರಾಪು ಬಾಚುತ್ತಿದ್ದರು. ಹೊರಗೆ ಬಂದರು. ನಾನು ಕೈ ಜೋಡಿಸಿ, "ಸಾಹೇಬ್ರ, ತಪ್ಪಾತ್ರಿ, ಹೊಟ್ಟಿಪಾಡ್ರಿ" ಎಂದು ನಡುಗಿದೆ. ಅವರು ಬಾಚಣಿಗೆ ಕಿಸೆಗಿಟ್ಟು, ಮೊಣಕಾಲು ಅಲುಗಾಡಿಸುತ್ತಾ, ಕೈ ಜೋಡಿಸಿ, ಥೇಟ್ ನನ್ನ ಕೀರಲು ದನಿಯಲ್ಲಿ, "ಸಾಹೇಬ್ರ, ತಪ್ಪಾತ್ರಿ, ಹೊಟ್ಟಿಪಾಡ್ರಿ" ಎಂದರು. ಕೂತಿದ್ದ ಗಿರಾಕಿ ಬಿದ್ದು ಬಿದ್ದು ನಕ್ಕ. ಮೆಹಬೂಬಣ್ಣ ಆಗಲೇ ಗುಂಡಿ ಒತ್ತಿದರು. ಆ ವರ್ಷದ ಒಳ್ಳೆಯ ಫೋಟೋ ಅದು. ನಗಿಸಿದ್ದು ನಾನಲ್ಲ ಎಂಬುದೊಂದೇ ಬೇಜಾರು.

ಇನ್ನು ಟೋಪಿ. ಆನೆಗುಂದಿ ಕಡೆ ತಿರುಗಾಡಲು ಬಂದಿದ್ದ ಒಬ್ಬ ಪರದೇಶದವನ ಕ್ಯಾಮೆರಾದಲ್ಲಿ ರೋಲು ಸಿಕ್ಕಿಹಾಕಿಕೊಂಡಿತ್ತು. ಮೆಹಬೂಬಣ್ಣ ಅದನ್ನು ಕತ್ತಲೆ ಕೋಣೆಗೆ ಒಯ್ದು, ಒಂದು ಚಿತ್ರವೂ ಕೆಡದಂತೆ ಬಿಡಿಸಿಕೊಟ್ಟರು. ಅವನು ಖುಷಿಯಾಗಿ ತನ್ನ ತಲೆ ಮೇಲಿನ ಟೋಪಿ ತೆಗೆದು ಇವರ ತಲೆಗಿಟ್ಟು, "ಮೆಕ್ಸಿಕೋ, ಮೆಕ್ಸಿಕೋ" ಎಂದು ಬೆನ್ನು ತಟ್ಟಿ ಬಸ್ಸು ಹತ್ತಿದ. ನಾನು ಊಟ ಮುಗಿಸಿ ಬಂದಾಗ ಅಂಗಡಿ ಬಾಗಿಲಲ್ಲಿ ಒಂದು ಆಳೆತ್ತರದ ಅಣಬೆ ಎದ್ದು ನಿಂತಿತ್ತು. ಅಣಬೆ "ಖ್ಹೂಂ" ಎಂದಾಗ ಮಾಲಕರು ಎಂದು ತಿಳಿಯಿತು.

ಒಣಹುಲ್ಲಿನಲ್ಲಿ ಹೆಣೆದ ಟೋಪಿ. ನಡುವೆ ಗೋಪುರದ ಹಾಗೆ ಎತ್ತರ, ಸುತ್ತಲೂ ಮೊರಕ್ಕಿಂತ ಅಗಲವಾದ ಅಂಚು, ಅಂಚಿನ ತುದಿ ಮೇಲಕ್ಕೆ ಮಡಿಚಿಕೊಂಡಿತ್ತು. ಕೆಂಪು, ಹಸಿರು ದಾರದ ಕಸೂತಿ. ಗಾಳಿಗೆ ಹಾರದಂತೆ ಗದ್ದದ ಕೆಳಗೆ ಕಟ್ಟಿಕೊಳ್ಳುವ ಹುರಿ. ಆ ದೇಶದಲ್ಲಿ ಬಿಸಿಲಿಗೆ ಹೊಲದ ಕೆಲಸ ಮಾಡುವವರೂ ಹಾಕುತ್ತಾರೆ, ಹಾಡು ಹೇಳಿ ಕುಣಿಯುವವರೂ ಹಾಕುತ್ತಾರೆ ಎಂದು ಅವನು ಕೈಸನ್ನೆಯಲ್ಲಿ ಹೇಳಿದ್ದನಂತೆ.

ನಮ್ಮ ಜನ ಅದನ್ನು ನೋಡಿದ ರೀತಿಯೇ ಬೇರೆ. ನಾಟಿಗೆ ಹೋಗುವ ನಮ್ಮ ಚಿಗವ್ವ ತಲೆಗಿಟ್ಟುಕೊಂಡು, ಎರಡು ಸಲ ಬಗ್ಗಿ ನೋಡಿ, ತೆಗೆದುಕೊಟ್ಟಳು. "ನೆಳ್ಳು ಛಲೋ ಐತಿ. ಆದ್ರ ಸಾಲಿನಾಗ ಬಗ್ಗಿದ್ರ ಪಕ್ಕದಾಕಿ ಟೋಪಿಗೆ ಬಡೀತೈತಿ. ಇದನ್ನ ಹಾಕ್ಕೊಂಡ್ರ ಒಬ್ಬರಿಗೊಬ್ಬರು ಮಾತಾಡೋದು ಹೆಂಗ? ಆ ದೇಶದ ಹೆಂಗಸ್ರು ಸುಮ್ಮನ ನಾಟಿ ಮಾಡ್ತಾರೇನು? ಪಾಪ!" ಇನ್ನೊಬ್ಬಾಕೆ ಇದರಲ್ಲಿ ಸಂಡಿಗೆ ಒಣಗಿಸಬಹುದು ಎಂದಳು. ಮತ್ತೊಬ್ಬಾಕೆ ತನ್ನ ಕೂಸನ್ನು ಅದರೊಳಗೆ ಕೂಡಿಸಿ, "ಈಗ ಹೊಡೀರಿ ಫೋಟೋ" ಎಂದಳು. ಹೇಮಗುಡ್ಡದ ದೇವಿ ದರ್ಶನ ಮುಗಿಸಿದವರು ಹಣೆಯ ಭಂಡಾರ ಒರೆಸಿಕೊಳ್ಳದೆ ನೇರ ನಮ್ಮಲ್ಲಿಗೇ ಬರುತ್ತಿದ್ದರು. ಗಂಗಾವತಿ ತಾಲೂಕಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಗಣಪತಿಯ ಪಕ್ಕದಲ್ಲಿ ಇವತ್ತಿಗೂ ಒಂದು ಮೆಕ್ಸಿಕೋ ಮುಖ ತೂಗುತ್ತಿದೆ.

ಆ ಟೋಪಿ ನನಗೆ ಕೆಲಸವನ್ನೂ ಕಲಿಸಿತು. ಶ್ರೀರಾಮನಗರದ ಯಜಮಾನರೊಬ್ಬರು ಹೊಸ ಟ್ರ್ಯಾಕ್ಟರ್ ತಂದಿದ್ದರು. ಮಾಲಕರಿಗೆ ಬೇರೆ ಕಡೆ ಕೆಲಸವಿತ್ತೆಂದು ಮೊದಲ ಸಲ ನಾನೊಬ್ಬನೇ ಕ್ಯಾಮೆರಾ, ಟೋಪಿ ಎರಡನ್ನೂ ಹೊತ್ತು ಹೋದೆ. ನಡುಮಧ್ಯಾಹ್ನ, ನೆತ್ತಿ ಮೇಲೆ ಸೂರ್ಯ, ಯಜಮಾನರ ನೆತ್ತಿ ಮೇಲೆ ಟೋಪಿ. ಚೆನ್ನಾಗಿ ನಗಿಸಿದೆ. ಫಿಲ್ಮು ಲ್ಯಾಬಿಗೆ ಹೋಗಿ ತೊಳೆದು ಬರುವವರೆಗೆ ಏನು ಬಂದಿದೆ ಎಂದು ಯಾರಿಗೂ ಗೊತ್ತಾಗದ ಕಾಲ. ಪ್ರಿಂಟು ನೋಡಿದ ಯಜಮಾನರು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಸಮಾಧಾನವಾಗಿಯೇ ಕೇಳಿದರು: "ಏಮಯ್ಯಾ, ಟ್ರ್ಯಾಕ್ಟರ್ ಛಲೋ ಬಂದೈತಿ. ಟೋಪಿ ಛಲೋ ಬಂದೈತಿ. ನಡುವ ಕುಂತಿರೋ ದೆವ್ವ ಯಾರದು?" ಅಂಚಿನ ನೆರಳು ಮುಖವನ್ನು ಪೂರ್ತಿ ನುಂಗಿತ್ತು.

ಮೆಹಬೂಬಣ್ಣ ಬೈಯಲಿಲ್ಲ. ನನಗೆ ಟೋಪಿ ಹಾಕಿಸಿ ಬಿಸಿಲಲ್ಲಿ ಕೂಡಿಸಿ, ಕೈಗೆ ಕನ್ನಡಿ ಕೊಟ್ಟು, ಒಂದು ಬಿಳಿ ಧೋತ್ರವನ್ನು ನನ್ನ ತೊಡೆಯ ಮೇಲೆ ಹರವಿದರು. ಕನ್ನಡಿಯಲ್ಲಿ ನನ್ನ ಕರಿ ಮುಖ ದೀಪ ಹಚ್ಚಿದಂತೆ ಬೆಳಗಿತು. "ಮ್ಯಾಲಿಂದ ಬೆಳಕು ಬರಂಗಿಲ್ಲಂದ್ರ ಕೆಳಗಿಂದ ಕರೀಬೇಕು, ಬೇಟಾ" ಎಂದರು. ಈಗ ನಿಮ್ಮ ಹತ್ತಿರ ಇದಕ್ಕೆ ಬೆಳ್ಳಿ ಬಣ್ಣದ, ಮಡಚುವ ತಟ್ಟೆ ಇದೆ. ನಮಗೆ ಗಿರಾಕಿಯ ಧೋತ್ರವೇ ಗತಿ. ಒಗೆದದ್ದಾದರೆ ಮುಖ ಹೊಳೆಯುತ್ತಿತ್ತು. ಇಲ್ಲದಿದ್ದರೆ ಮುಖಕ್ಕೂ ಹೊಲದ ಬಣ್ಣ.

ಇಷ್ಟೆಲ್ಲ ಕಲಿತಾದ ಮೇಲೆ ಬಂದದ್ದು ಶರಣಪ್ಪ ಮಾಸ್ತರರ ಪ್ರಸಂಗ.

ನಮ್ಮ ಸಿದ್ದಾಪುರಕ್ಕೆ ಮದುವೆಯಾಗಿ ಬಂದ ಕುಷ್ಟಗಿಯ ಗಂಗಕ್ಕ ಒಂದು ದಿನ ತಮ್ಮನನ್ನು ಎಳೆದುಕೊಂಡೇ ಸ್ಟುಡಿಯೋಕ್ಕೆ ಬಂದಳು. ಅವನು ತಲೆಗೆ ಟಾವೆಲ್ ಸುತ್ತಿಕೊಂಡು ಬಾಗಿಲಲ್ಲೇ ಓರೆಯಾಗಿ ನಿಂತ.

"ಲೇ ಪರಶ್ಯಾ, ಇಂವ ನಮ್ಮ ಶರಣಪ್ಪ. ಸರ್ಕಾರಿ ಸಾಲಿ ಮಾಸ್ತರ. ಕನ್ಯಾ ನೋಡಾಕತ್ತೇವಿ. ಎಲ್ಲಿ ಫೋಟೋ ಕಳಿಸಿದ್ರೂ ವಾಪಸ್ ಬರ್ತೈತಿ. ಕೊಪ್ಪಳದವರು ಏನಂದ್ರು ಗೊತ್ತೈತೇನು? ಹುಡುಗನ ಫೋಟೋ ಕೇಳಿದ್ರ ಅವರಪ್ಪನ ಫೋಟೋ ಕಳಿಸೀರಲ್ರಿ ಅಂದ್ರು!"

ನನಗೆ ನಗು ಬಂತು. ಟಾವೆಲ್ ತೆಗೆದ ಶರಣಪ್ಪನ ಮುಖ ನೋಡಿ ನುಂಗಿಕೊಂಡೆ. ವಯಸ್ಸು ಚಿಕ್ಕದು, ಕಣ್ಣು ತುಂಬ ಒಳ್ಳೆಯವು, ತಲೆ ಮಾತ್ರ ಕಟಾವು ಮುಗಿದ ಗದ್ದೆ.

"ಇದ ಕಡೀ ಫೋಟೋ ಅಂದಾನ" ಎಂದಳು ಗಂಗಕ್ಕ, ದನಿ ಇಳಿಸಿ. "ಇದೂ ವಾಪಸ್ ಬಂದ್ರ ಇನ್ನ ಲಗ್ನದ ಮಾತ ಎತ್ತಬ್ಯಾಡ ಅಂತ. ಅಂವ ಅಂದ್ರ ಅಂದಂಗ. ಏನಾರ ಮಾಡಪಾ."

ನಾನು ಮೆಹಬೂಬಣ್ಣನ ಮುಖ ನೋಡಿದೆ. ಮೆಹಬೂಬಣ್ಣ ಗೋಡೆಯ ಮೊಳೆಗೆ ತೂಗಿದ್ದ ಟೋಪಿ ನೋಡಿದರು. ಅದು ಶರಣಪ್ಪನ ತಲೆಗೆ ಅವನಿಗೇ ಹೆಣೆದಂತೆ ಕೂತಿತು. ನಾನು ಸಾಲಿ ತಪಾಸಣೆಗೆ ಬರುವ ಸಾಹೇಬರ ದನಿ ತೆಗೆದೆ. ಅವರು ಒಬ್ಬ ಹುಡುಗನನ್ನು ಎಬ್ಬಿಸಿ ಪ್ರಶ್ನೆ ಕೇಳುವುದು, ಹುಡುಗ ಚಡ್ಡಿ ಎಳೆದುಕೊಳ್ಳುತ್ತಾ ಮಾಸ್ತರನ ತುಟಿ ನೋಡಿ ಉತ್ತರ ಹೇಳುವುದು, ಮಾಸ್ತರನೂ ಉತ್ತರ ಗೊತ್ತಿಲ್ಲದೆ ಕಿಟಕಿ ನೋಡುವುದು. ಶರಣಪ್ಪನಿಗೆ ತನ್ನ ಸಾಲಿಯೇ ಕಂಡಿರಬೇಕು. ಒಂದು ನಗು ಹೊರಟಿತು ನೋಡಿ, ನಮ್ಮ ಸ್ಟುಡಿಯೋದ ಗೋಡೆಗಳು ಅಂಥದ್ದು ಕಂಡಿರಲಿಲ್ಲ. ಖ್ಹೂಂ, ಟಪ್.

ಫೋಟೋ ಯಲಬುರ್ಗಾದ ಒಂದು ಕನ್ಯೆಯ ಮನೆಗೆ ಹೋಯಿತು. "ಹುಡುಗನ್ನ ಕರಕೊಂಡು ಬರ್ರಿ" ಎಂದು ಹೇಳಿಕಳಿಸಿದರು. ಗಂಗಕ್ಕ ನಮಗೆಲ್ಲ ಪೇಢೆ ಹಂಚಿದಳು.

ಆದರೆ ಎರಡು ದಿನ ಬಿಟ್ಟು ಶರಣಪ್ಪ ಒಬ್ಬನೇ ಬಂದ. "ಟೋಪಿ ಇಲ್ದ ಇನ್ನೊಂದು ತೆಗೀರಿ" ಎಂದ.

"ಯಾಕ್ರಿ ಸರ್? ಅವರು ಒಪ್ಯಾರಲ್ಲ?"

"ಅವರು ಟೋಪಿ ನೋಡಿ ಬರ್ರಿ ಅಂದಾರ. ತಲಿ ನೋಡಿಲ್ಲ."

"ನೋಡಿದ ಮ್ಯಾಲೆ ಒಲ್ಲೆ ಅಂದ್ರ?"

"ಅನ್ಲಿ. ಅವರ ಮನಿ ಪಡಸಾಲ್ಯಾಗ ಹತ್ತು ಮಂದಿ ಮುಂದ ಅನ್ನಿಸ್ಕೊಳ್ಳೋದಕ್ಕಿಂತ ಇಲ್ಲೇ ಕುಂತು ಅನ್ನಿಸ್ಕೊಳ್ಳೋದು ಛಲೋ."

ಮೆಹಬೂಬಣ್ಣ ಸ್ಟೂಲು ಒರೆಸಿದರು. ದೀಪ ಹಚ್ಚಿದರೆ ತಲೆ ಎಷ್ಟು ಹೊಳೆಯಿತೆಂದರೆ, "ಮಾಸ್ತರ, ನನ್ನ ಫ್ಲ್ಯಾಶ್‌ಗಿಂತ ಇದ ಜೋರೈತಿ" ಎಂದು ಪೌಡರ್ ಡಬ್ಬಿ ತಂದು ನೆತ್ತಿಗೆಲ್ಲ ಬಡಿದರು. ಈಗ ಶರಣಪ್ಪ ಬೂದಿ ಬಳಿದುಕೊಂಡ ಸ್ವಾಮಿಗಳಂತೆ ಕೂತ. ಮುಖ ಕಲ್ಲು. ನಾನು ತಪಾಸಣೆ ಸಾಹೇಬರನ್ನು ಕರೆದೆ, ಕಂಡಕ್ಟರನನ್ನು ಕರೆದೆ, ಊರ ಗೌಡರನ್ನು ಕರೆದೆ. ಯಾರು ಬಂದರೂ ಅವನು ಅಲ್ಲಾಡಲಿಲ್ಲ.

ಕಡೆಗೆ ನನಗೆ ಒಂದು ಹುಚ್ಚು ಧೈರ್ಯ ಬಂತು. ಅವನದೇ ಟಾವೆಲನ್ನು ನನ್ನ ತಲೆಗೆ ಸುತ್ತಿಕೊಂಡು ಹೊರಗೆ ಹೋದೆ. ಅವನು ಮೊದಲ ದಿನ ಬಂದ ಹಾಗೆಯೇ ಓರೆಯಾಗಿ ಒಳಗೆ ಬಂದೆ: ಕುತ್ತಿಗೆ ಕುಗ್ಗಿಸಿ, ಕನ್ನಡಿ ಕಂಡಲ್ಲಿ ಮುಖ ತಿರುಗಿಸಿ, ಫ್ಯಾನಿನ ಕೆಳಗೆ ಬಂದಾಗ ಎರಡೂ ಕೈಯಿಂದ ಟಾವೆಲ್ ಹಿಡಿದುಕೊಂಡು. ಮೆಹಬೂಬಣ್ಣನ ಕೆಮ್ಮು ಗಂಟಲಲ್ಲೇ ನಿಂತಿತು. ಕೆಲಸ ಹೋಯಿತು ಎಂದುಕೊಂಡೆ.

ಶರಣಪ್ಪ ಮೇಲೆ ನೋಡಿದ. "ಫ್ಯಾನು ಕಂಡ್ರ ಯಾಕ ಹೆದರತೀನಿ ನಾನು?" ಎಂದು ನನ್ನನ್ನೇ ಕೇಳಿದ. "ಹಾರಾಕ ಏನೈತಿ ಅಲ್ಲಿ?" ಎಂದು ತಾನೇ ಹೇಳಿ, ನೆತ್ತಿ ಸವರಿಕೊಂಡು, ಕೈಗೆ ಅಂಟಿದ ಪೌಡರ್ ನೋಡಿ, ನಗತೊಡಗಿದ. ಟಪ್.

ಆ ಫೋಟೋ ಯಲಬುರ್ಗಾಕ್ಕೆ ಹೋದ ಮೇಲೆ ನಮ್ಮ ಸ್ಟುಡಿಯೋದಲ್ಲಿ ಗಿರಾಕಿಗಿಂತ ಹೆಚ್ಚು ದಾರಿ ಕಾದದ್ದು ಅದರ ಉತ್ತರಕ್ಕೆ. ಕಡೆಗೂ ಬಂತು: "ಬರ್ರಿ ಅಂದೇವಲ್ಲ. ಅಜ್ಜಿ ಕಾಯಾಕತ್ಯಾಳ."

ಒಪ್ಪಿಗೆ ಆದರೆ ಅಲ್ಲೇ ಒಂದು ಜೋಡಿ ಫೋಟೋ ತೆಗೆಯಲಿ ಎಂದು ಗಂಗಕ್ಕ ನನ್ನನ್ನೂ ಹೊರಡಿಸಿದಳು. ಕೊಪ್ಪಳದಲ್ಲಿ ಬಸ್ಸು ಬದಲಿಸಿ ಯಲಬುರ್ಗಾಕ್ಕೆ ಹೋದೆವು. ಅವರ ಓಣಿಗೆ ಕಾಲಿಟ್ಟರೆ ಜನವೋ ಜನ. ಕಟ್ಟೆಯ ಮೇಲೆ, ಮಾಳಿಗೆಯ ಮೇಲೆ, ಬೇವಿನ ಗಿಡದ ಮೇಲೆ ಕೂಡ. ಎಲ್ಲರೂ ಶರಣಪ್ಪನ ತಲೆ ನೋಡುತ್ತಿದ್ದರು. ಅವನ ಕುತ್ತಿಗೆ ಕುಗ್ಗತೊಡಗಿತು. ಗಂಗಕ್ಕ ಹಲ್ಲು ಕಚ್ಚಿಕೊಂಡು, "ತಲಿ ಎತ್ತಲೇ" ಎಂದಳು.

ಪಡಸಾಲೆಯಲ್ಲಿ ಹುಡುಗಿಯ ಅಜ್ಜಿ ಬಸಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಶರಣಪ್ಪನನ್ನು ಮೇಲಿನಿಂದ ಕೆಳಗೆ ನೋಡಿದಳು, ಗಂಗಕ್ಕನ ಕೈ ನೋಡಿದಳು, ನನ್ನ ಬ್ಯಾಗು ನೋಡಿದಳು.

"ಎಲ್ಲೈತಿ?"

"ಏನು ಅಮ್ಮಾರ?" ಎಂದಳು ಗಂಗಕ್ಕ.

"ಟೋಪಿ!"

ಹೊರಗಿನ ಜನ ಬಾಗಿಲಿಗೆ ಒತ್ತಿ ಬಂದರು. ಆಗ ನಮಗೆ ತಿಳಿಯಿತು. ಇಡೀ ಓಣಿ ನೆರೆದದ್ದು ವರನನ್ನು ನೋಡಲಿಕ್ಕಲ್ಲ. ಎರಡನೆಯ ಫೋಟೋದ ಬಗ್ಗೆ ಅವರಿಗೆ ಏನೂ ಅನ್ನಿಸಿರಲೇ ಇಲ್ಲ. ಹುಡುಗ ದೊಡ್ಡವರ ಮರ್ಯಾದೆಗೆ ಟೋಪಿ ತೆಗೆದು ಕೂತಿದ್ದಾನೆ ಎಂದು ತಿಳಿದು ಇನ್ನಷ್ಟು ಮೆಚ್ಚಿಕೊಂಡಿದ್ದರು. ಬೋಳುತಲೆಯ ಮಾತೇ ಇಲ್ಲ. ಯಾಕೆಂದು, ಹುಡುಗಿಯ ಅಪ್ಪ ಸೆಕೆಗೆ ತಲೆಯ ರುಮಾಲು ಬಿಚ್ಚಿ ಗಾಳಿ ಬೀಸಿಕೊಂಡಾಗ ತಿಳಿಯಿತು. ಅಲ್ಲೂ ಕಟಾವು ಮುಗಿದಿತ್ತು.

"ಅದು ಸ್ಟುಡಿಯೋದ ಟೋಪ್ರಿ" ಎಂದು ನಾನು ಬಾಯಿ ಬಿಟ್ಟೆ. ಬಿಡಬಾರದಿತ್ತು.

ಹುಡುಗಿಯ ಸೋದರಮಾವ ಎದ್ದು ನಿಂತ. "ಏನು? ಮಂದಿ ಟೋಪಿ ಹಾಕ್ಕೊಂಡು ಫೋಟೋ ಕಳಿಸೀರೇನು? ಊರಿಗೆಲ್ಲ ಹೇಳೇವಿ, ನಮ್ಮ ಮನೀಗೆ ಪರದೇಶದ ಟೋಪಿ ಇರೋ ಅಳಿಯಾ ಬರ್ತಾನ ಅಂತ. ಈಗ ಈ ಜನಕ್ಕ ಏನಂತ ಹೇಳೂಣು? ನಮ್ಮ ಇಜ್ಜತ್ ಏನಾತು?"

ಗಂಗಕ್ಕನ ಮುಖ ಬಿಳಚಿಕೊಂಡಿತು. ನಾನು ಯಾರದಾದರೂ ದನಿ ತೆಗೆದು ನಗಿಸಲು ನೋಡಿದೆ. ಒಂದು ದನಿಯೂ ಬರಲಿಲ್ಲ, ನನ್ನದೂ ಕೂಡ.

ಶರಣಪ್ಪ ಎದ್ದ. ಈಗ ಅವನ ಕುತ್ತಿಗೆ ನೆಟ್ಟಗಿತ್ತು. "ಮಾವಾರ, ಟೋಪಿ ನಂದಲ್ರಿ. ಇವರ ಮಾಲಕರದು. ಅದನ್ನ ಹೇಳಬೇಕು ಅಂತ ನನಗ ಹೊಳೀಲೇ ಇಲ್ಲ. ನಾ ತಲೀದ ಚಿಂತ್ಯಾಗಿದ್ದೆ. ತಲಿ ಮಾತ್ರ ನಂದ ಐತ್ರಿ. ನಗೂನೂ ನಂದ, ಆದ್ರ ಅದನ್ನ ಎಬ್ಬಿಸಿದಾಂವ ಈ ಪರಶ್ಯಾ. ಇಷ್ಟ ನೋಡ್ರಿ ನನ್ನ ಆಸ್ತಿ."

ಸೋದರಮಾವ ಅಜ್ಜಿಯ ಮುಖ ನೋಡಿದ, ಅಜ್ಜಿ ಕಂಬದ ಕಡೆ ನೋಡಿದಳು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲ ಹಿಂದಿನಿಂದ ಹುಡುಗಿಯ ದನಿ ಬಂತು.

"ಅಜ್ಜೀ, ಚಾ ಆರಾಕತ್ತೈತಿ. ತರ್ಲೋ, ಬ್ಯಾಡೋ?"

"ತಡಿಯೇ ನೀಲವ್ವಾ, ಟೋಪಿ ಮಾತು ಮುಗೀಲಿ."

"ನಾ ಏನು ಟೋಪಿಗೆ ಚಾ ಮಾಡೀನೇನು?"

ಮೊದಲು ನಕ್ಕದ್ದು ಬೇವಿನ ಗಿಡದ ಮೇಲಿದ್ದ ಹುಡುಗರು. ಆಮೇಲೆ ಓಣಿ, ಆಮೇಲೆ ಪಡಸಾಲೆ, ಎಲ್ಲರಿಗಿಂತ ಕಡೆಗೆ ಸೋದರಮಾವ. ನೀಲವ್ವ ತಟ್ಟೆ ಹಿಡಿದು ಹೊರಗೆ ಬಂದಳು. ಮೊದಲ ಬಟ್ಟಲು ಅಪ್ಪನಿಗೂ ಕೊಡಲಿಲ್ಲ, ಮಾವನಿಗೂ ಕೊಡಲಿಲ್ಲ; ಶರಣಪ್ಪನ ಮುಂದೆ ಹಿಡಿದಳು. ಗಂಗಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ಪಕ್ಕೆಗೆ ತಿವಿದಳು. ಆ ಗಡಿಬಿಡಿಯಲ್ಲಿ ನಾನು ಫೋಟೋ ತೆಗೆಯುವುದನ್ನೇ ಮರೆತೆ. ನಾನೆಂಥ ಫೋಟೋಗ್ರಾಫರ್ ಎಂದು ಇನ್ನೂ ಅನುಮಾನವಿದ್ದವರು ಇಲ್ಲಿಗೆ ಓದುವುದು ನಿಲ್ಲಿಸಬಹುದು.

ಬಸಮ್ಮಜ್ಜಿ ಒಂದು ಕರಾರು ಹಾಕಿದಳು: ಲಗ್ನಕ್ಕೆ ಟೋಪಿ ಬರಬೇಕು, ಓಣಿಯವರೆಲ್ಲ ನೋಡಬೇಕು. ಸ್ಟುಡಿಯೋದ ಗೋಡೆ ಬಿಟ್ಟು ಅದನ್ನು ಎಲ್ಲಿಗೂ ಕಳಿಸುವುದಿಲ್ಲ ಎಂದು ಟ್ರ್ಯಾಕ್ಟರ್ ಪ್ರಸಂಗದ ದಿನದಿಂದ ಹಟ ಹಿಡಿದಿದ್ದ ಮೆಹಬೂಬಣ್ಣ, ಸಂಗತಿ ಕೇಳಿ ಮೀಸೆ ಸವರಿಕೊಂಡರು. ಲಗ್ನದ ದಿನ ಅದನ್ನು ತಾವೇ ತಲೆಗೇರಿಸಿ ಬಸ್ಸು ಹತ್ತಿದರು. ಪಕ್ಕದಲ್ಲಿ ಯಾರಿಗೂ ಕೂರಲು ಆಗಲಿಲ್ಲ. "ಮಾಮೂ, ಟೋಪಿಗೂ ಟಿಕೀಟು ತಗೋರಿ" ಎಂದ ಕಂಡಕ್ಟರನಿಗೆ, "ಅದು ಬೀಗರ ಕಡೀದು, ಮರ್ಯಾದಿಲೆ ಮಾತಾಡು" ಎಂದರು.

ಯಲಬುರ್ಗಾದಲ್ಲಿ ಅಕ್ಕಿಕಾಳು ಬಿದ್ದ ಮೇಲೆ ಟೋಪಿಗೆ ಸಾಲು ನಿಂತಿತು. ಸೋದರಮಾವ ಹಾಕಿಕೊಂಡ, ಹುಡುಗಿಯ ಅಪ್ಪ ರುಮಾಲಿನ ಮೇಲೇ ಹಾಕಿಕೊಂಡರು, ಅಡುಗೆಯವನು ಸೌಟು ಹಿಡಿದು ಬಂದ. ಒಬ್ಬರ ಫೋಟೋ ತೆಗೆದು ಇನ್ನೊಬ್ಬರಿಗೆ ಇಲ್ಲ ಎನ್ನುವುದು ಹೇಗೆ? ಬೆರಳ ತುದಿಯಲ್ಲಿ ಸಾವಿರ ಫೋಟೋ ತೆಗೆಯುವ ನಿಮಗೆ ಇದು ತಿಳಿಯಲಿಕ್ಕಿಲ್ಲ, ರೋಲು ಎಂದರೆ ಮುಗಿಯುವ ವಸ್ತು. ಒಂದು ಮುಗಿಯಿತು, ಇನ್ನೊಂದು ಮುಗಿಯಿತು. ವಧೂವರರನ್ನು ಜೋಡಿಯಾಗಿ ನಿಲ್ಲಿಸುವ ಹೊತ್ತಿಗೆ ಕ್ಯಾಮೆರಾದಲ್ಲಿ ಉಳಿದದ್ದು ಒಂದೇ ಒಂದು ಚಿತ್ರ. ಮೆಹಬೂಬಣ್ಣ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು, "ಈ ಮದುವಿ ನಿಂದು. ನೀನ ಹೊಡಿ" ಎಂದರು.

ನಿಲ್ಲಿಸಿದೆ. ಬೆಳಕು ನೋಡಿದೆ. ಕಣ್ಣು ಕ್ಯಾಮೆರಾಕ್ಕೆ ಹಚ್ಚುವಷ್ಟರಲ್ಲಿ ಬಸಮ್ಮಜ್ಜಿ ಟೋಪಿ ಹಾಕಿಕೊಂಡು ಕುರ್ಚಿ ತಂದು ಜೋಡಿಯ ಮುಂದೆಯೇ ಕೂತುಬಿಟ್ಟಳು. ನಾನು ನೋಡಿದರೆ ಚೌಕಟ್ಟಿನ ತುಂಬ ಟೋಪಿ. ವರನೂ ಇಲ್ಲ, ವಧುವೂ ಇಲ್ಲ.

"ಅಜ್ಜೀ, ಒಂದು ಗಳಿಗಿ ಟೋಪಿ ತೆಗೀರಿ. ಹುಡುಗ ಹುಡುಗಿ ಕಾಣವಲ್ರು."

"ಅವರನ್ನ ದಿನಾ ನೋಡಬೋದು. ಇದು ಸಂಜೀಗೆ ಗಂಗಾವತಿಗೆ ಹೋಗ್ತೈತಿ. ತೆಗಿಯಂಗಿಲ್ಲ."

ಮುಖ ಸಡಿಲಿಸಲು ಒಂದು ದನಿ ಸಿದ್ಧ ಮಾಡಿಕೊಂಡೇ ಬಂದಿದ್ದೆ. ಅದನ್ನು ತೆಗೆಯುವ ಮೊದಲೇ ಅಂಚಿನ ಈ ಕಡೆಯಿಂದ ಶರಣಪ್ಪ ಬಾಗಿ ಇಣುಕಿದ, ಬಾಸಿಂಗ ಜಾರಿ ಕಿವಿಯ ಮೇಲೆ ಬಂದಿತ್ತು. ಆ ಕಡೆಯಿಂದ ನೀಲವ್ವ ಇಣುಕಿ ಅದನ್ನು ಕಂಡಳು. ಟೋಪಿಯ ಮೇಲಿನಿಂದ ಕೈ ಚಾಚಿ ಬಾಸಿಂಗ ಸರಿ ಮಾಡಲು ಹೋದಳು, ಅದು ಇನ್ನೂ ಜಾರಿತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

"ತಮ್ಮಾ, ಟೋಪಿ ಪೂರಾ ಬರ್ತೈತಿಲ್ಲೋ?" ಎಂದಳು ಅಜ್ಜಿ, ಉಸಿರು ಹಿಡಿದುಕೊಂಡೇ.

"ಪೂರಾ ಬರ್ತೈತಿ ಅಜ್ಜೀ" ಎಂದು ಒತ್ತಿದೆ.